ಸ್ಟೀರಿಂಗಿಗೆ ಕಟ್ಟುವ ಕೆಂಪು ಪಟ್ಟಿ

ಓರಿಸ್ಯಾ ಹ್ನಾತ್ಯುಕ್ ಕುರ್ಚಿಯಲ್ಲಿ ಕೂತು ಊಟ ಮಾಡಿದ್ದನ್ನು ಕಂಡವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ. ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ಪಾತ್ರೆ ತೊಳೆಯುವ ತೊಟ್ಟಿಗೆ ಸೊಂಟ ಆನಿಸಿ, ಕಿಟಕಿಯಾಚೆ ನೋಡುತ್ತ ತಿನ್ನುವುದೇ ಅವಳ ಊಟ. ಚರ್ಚಿನಲ್ಲಿ ಪಾದ್ರಿ ಪ್ರಸಂಗಕ್ಕೆ ಬಾಯಿ ತೆರೆದರೆ ಇವಳು ಮೆಟ್ಟಿಲ ಮೇಲೆ ಎಷ್ಟು ಹಿಮ ಬಿತ್ತೆಂದು ನೋಡಲು ಎದ್ದು ಹೋಗುತ್ತಿದ್ದಳು. ಅವಳು ನೆಟ್ಟಗೆ ಕೂತಿರುತ್ತಿದ್ದುದು ಒಂದೇ ಕಡೆ, ಶಾಲೆಯ ಬಸ್ಸಿನ ಡ್ರೈವರ್ ಸೀಟಿನಲ್ಲಿ. ಸಾಸ್ಕಾಚೆವಾನಿನ ಆ ಬಯಲಿನಲ್ಲಿ ಎರಡು ತಲೆಮಾರಿನ ಮಕ್ಕಳನ್ನು ಅವಳು ಶಾಲೆಗೆ ಮುಟ್ಟಿಸಿದ್ದಳು. ಆಗಲೂ ಕೂತಿದ್ದವಳು ಅವಳಾದರೆ ಓಡುತ್ತಿದ್ದುದು ಬಸ್ಸು, ಹಾಗಾಗಿ ಅವಳ ಜೀವಕ್ಕೆ ಸಮಾಧಾನ.

"ಇವಳನ್ನ ಹೇಗಯ್ಯಾ ಹಿಡಿದು ಮದುವೆ ಆದೆ?" ಎಂದು ಯಾರಾದರೂ ಕೇಳಿದರೆ ಅವಳ ಗಂಡ ಪೆತ್ರೊ, "ಅವತ್ತು ಅವಳ ಗಾಡಿ ಪಂಕ್ಚರ್ ಆಗಿತ್ತು. ನಿಂತಿದ್ದಾಗ ಕೇಳಿಬಿಟ್ಟೆ," ಎನ್ನುತ್ತಿದ್ದ.

ಪೆತ್ರೊ ಅವಳಿಗೆ ಪೂರಾ ಉಲ್ಟಾ. ಬಾಗಿಲು ಹಾಕಿದ ಮೇಲೆ ಮತ್ತೊಮ್ಮೆ ಎಳೆದು ನೋಡುವ ಜಾತಿ. ಬೇಸಿಗೆಯಲ್ಲಿ ಸರೋವರಗಳ ಕಡೆ ಹೋಗಲೆಂದು ಇಬ್ಬರೂ ಸೇರಿ ಒಂದು ಹಳೆಯ ಟ್ರೇಲರ್ ಕೊಂಡಿದ್ದರು. ಪಿಕಪ್ಪಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಒಂದು ಕೋಣೆಯ ಮನೆ ಅದು. ಒಳಗೆ ಮಂಚ, ಮೇಜು, ನೀರಿನ ನಲ್ಲಿ, ಗ್ಯಾಸಿನ ಒಲೆ, ಗ್ಯಾಸಿನಲ್ಲೇ ಓಡುವ ಫ್ರಿಜ್ಜು, ಗ್ಯಾಸಿನದೇ ಹೀಟರ್. ಹೊರಗೆ ಮೂತಿಯ ಹತ್ತಿರ ಜೋಡಿ ಸಿಲಿಂಡರ್. ಗಾಡಿ ಹೊರಡುವ ಮೊದಲು ಪೆತ್ರೊ ಒಳಗಿನ ಬೆಂಕಿಯನ್ನೆಲ್ಲ ಆರಿಸಿ, ಹೊರಗೆ ಬಂದು ಎರಡೂ ಸಿಲಿಂಡರನ್ನು ತಿರುಪಿ ಮುಚ್ಚಿ, ಟ್ರೇಲರನ್ನು ಒಂದು ಸುತ್ತು ಹಾಕುತ್ತಿದ್ದ. ದೇವರ ಪೀಠಕ್ಕೆ ಸುತ್ತು ಬರುವವನ ನಿಧಾನ ಅದು. ಪಿಕಪ್ಪಿನಲ್ಲಿ ಕೂತ ಓರಿಸ್ಯಾ ಅಷ್ಟು ಹೊತ್ತೂ ಬೆರಳಿನಿಂದ ಬಾಗಿಲು ಬಡಿಯುತ್ತಿದ್ದಳು.

"ಹೀಟರ್ ಹಚ್ಚಿಟ್ಟೇ ಎಷ್ಟೋ ಜನ ಓಡಿಸ್ತಾರೆ ಕಣೋ. ತಲುಪೋ ಹೊತ್ತಿಗೆ ಒಳಗೆ ಬೆಚ್ಚಗಿರುತ್ತೆ."

"ಓಡಿಸಲಿ. ಕಲ್ಲು ಸಿಡಿದು ಪೈಪಿಗೆ ಬಡೀತು ಅನ್ನು, ಕೊಂಡಿ ಕುಲುಕಿ ಎಲ್ಲೋ ಸಡಿಲ ಆಯ್ತು ಅನ್ನು. ಹಿಂದೆ ಮನೆ ಉರೀತಿದ್ರೆ ಮುಂದೆ ಕೂತು ರೇಡಿಯೋ ಕೇಳ್ತಿರೋ ನಮಗೆ ಗೊತ್ತಾಗುತ್ತಾ?"

ಅವಳ ಅವಸರ ಗೊತ್ತಿದ್ದೇ ಅವನು ಒಂದು ಉಪಾಯ ಮಾಡಿದ್ದ. ಅವನ ತಾಯಿ ನೇಯ್ದ ಕೆಂಪು ಸೊಂಟಪಟ್ಟಿಯೊಂದು ಪೆಟ್ಟಿಗೆಯಲ್ಲಿ ಬಿದ್ದಿತ್ತು. ಗ್ಯಾಸ್ ತೆರೆದರೆ ಆ ಪಟ್ಟಿ ಪಿಕಪ್ಪಿನ ಸ್ಟೀರಿಂಗಿಗೆ ಬರಬೇಕು. ಗ್ಯಾಸ್ ಮುಚ್ಚಿದರೆ ಸ್ಟೀರಿಂಗಿನಿಂದ ಬಿಚ್ಚಿ ಸಿಲಿಂಡರಿನ ಕುತ್ತಿಗೆಗೆ ಕಟ್ಟಬೇಕು. ಸ್ಟೀರಿಂಗಿನಲ್ಲಿ ಪಟ್ಟಿ ಇದ್ದಷ್ಟು ಹೊತ್ತು ಗಾಡಿ ಕದಲುವಂತಿಲ್ಲ. ಓರಿಸ್ಯಾ ಮೊದಮೊದಲು ನಕ್ಕಳು. ಆಮೇಲೆ ಅದು ಅವಳ ಕೈಗೇ ಹತ್ತಿಹೋಯಿತು. ಪಟ್ಟಿ ಕೈಗೆ ಸಿಕ್ಕರೆ ನಿಲ್ಲುತ್ತಿದ್ದಳು, ಬರಿ ಸ್ಟೀರಿಂಗು ಸಿಕ್ಕರೆ ಹೊರಡುತ್ತಿದ್ದಳು.

ಪೆತ್ರೊ ಒಂದು ಸುಗ್ಗಿಯಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅದೇ ವರ್ಷ ಬಸ್ಸಿನ ಕೆಲಸವೂ ಮುಗಿಯಿತು. ಪೇಟೆಯ ಮನೆಯಲ್ಲಿ ಓರಿಸ್ಯಾ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆದು ನೆಲಹಾಸನ್ನು ಸವೆಸಿದಳು. ರಾತ್ರಿ ಪ್ರಾರ್ಥನೆಯನ್ನೂ ನಡೆಯುತ್ತಲೇ ಹೇಳಿಕೊಂಡಳು.

ಆ ಚಳಿಗಾಲ ಬಯಲಿನ ನಡುವಿನ ಒಂದು ಚರ್ಚಿಗೆ ಯಾರದೋ ನೆನಪಿನ ಪೂಜೆಗೆ ಹೋಗಿದ್ದಳು. ಊರೇ ಖಾಲಿಯಾಗಿ ಗುಮ್ಮಟವಷ್ಟೇ ಉಳಿದ ಅಂಥ ಚರ್ಚುಗಳು ಆ ಕಡೆ ಹಲವಿವೆ. ನೀರಿಲ್ಲ, ಒಲೆಯಿಲ್ಲ, ವರ್ಷಕ್ಕೆ ಒಂದೆರಡು ಸಲ ಬೀಗ ತೆಗೆಯುತ್ತಾರೆ. ಹಾಡಲು ನಿಂತ ಮುದುಕಿಯರ ಬೆರಳುಗಳು ನೀಲಿಯಾಗಿದ್ದವು. ಪುಸ್ತಕದ ಹಾಳೆ ತಿರುವಲಾಗದೆ ಒಬ್ಬಳು ಮೂಗಿನಿಂದ ತಿರುವಿದಳು. ಮುಂದಿನ ಸಲ ಓರಿಸ್ಯಾ ಟ್ರೇಲರ್ ಎಳೆದುಕೊಂಡೇ ಹೋದಳು. ಚರ್ಚಿನ ಪಕ್ಕ ನಿಲ್ಲಿಸಿ, ಗ್ಯಾಸ್ ತೆರೆದು, ಹೀಟರ್ ಹಚ್ಚಿ, ಬೀಟ್‌ರೂಟ್ ಸೂಪು ಕುದಿಸಿದಳು. ಮುದುಕರು ಸರದಿಯ ಮೇಲೆ ಒಳಗೆ ಬಂದು ಕೈ ಕಾಯಿಸಿಕೊಂಡು ಹೋಗಿ ಹಾಡಿದರು. ಅಂದಿನಿಂದ ಚಳಿಗಾಲವಿಡೀ ಅವಳಿಗೆ ಅದೇ ಕೆಲಸ. ಒಂದು ಚರ್ಚಿನಿಂದ ಇನ್ನೊಂದಕ್ಕೆ, ಒಂದು ಹಬ್ಬದಿಂದ ಇನ್ನೊಂದಕ್ಕೆ. "ಓರಿಸ್ಯಾಳ ಒಲೆ ಬಂತು" ಎಂದು ಜನ ಹೇಳುತ್ತಿದ್ದರು.

ಅಂಥ ಖಾಲಿ ಊರುಗಳಲ್ಲೊಂದಾದ ಜೆಲೆನಾದ ಚರ್ಚಿಗೆ ಆ ವರ್ಷದ್ದು ಕೊನೆಯ ಕ್ರಿಸ್‌ಮಸ್. ಹಿಮ ಕರಗಿದ ಮೇಲೆ ಅದನ್ನು ಶಾಶ್ವತವಾಗಿ ಮುಚ್ಚುವುದೆಂದು ತೀರ್ಮಾನವಾಗಿತ್ತು. ಹಳೆಯ ಪಂಚಾಂಗದವರಾದ್ದರಿಂದ ಅವರ ಕ್ರಿಸ್‌ಮಸ್ ಬೇರೆಯವರದು ಮುಗಿದು ಎರಡು ವಾರಕ್ಕೆ. ಹಿಂದಿನ ದಿನದ ಸಂಜೆ ಪವಿತ್ರ ಸಂಜೆ. ಆಕಾಶದಲ್ಲಿ ಮೊದಲ ನಕ್ಷತ್ರ ಕಂಡಾಗ ಹಾಡು ಎತ್ತಬೇಕು, ಆಮೇಲೆ ಹನ್ನೆರಡು ಬಗೆಯ ಊಟ. ಜೆಲೆನಾದಲ್ಲಿ ಆ ಹಾಡನ್ನು ಎತ್ತಿಕೊಡುವವನು ಮೆತ್ರೊ ಬಾಜ್ಯುಕ್. ಎಂಬತ್ತು ದಾಟಿದ ಮುದುಕ. ಹಳೆಯ ರಾಗಗಳನ್ನು ಪುಸ್ತಕವಿಲ್ಲದೆ ಬಲ್ಲವನು ಅವನೊಬ್ಬನೇ ಉಳಿದಿದ್ದ. ಅದೇ ಚರ್ಚಿನಲ್ಲಿ ಅವನಿಗೆ ಹೆಸರಿಟ್ಟಿದ್ದರು, ಅಲ್ಲೇ ಅವನ ಅಪ್ಪ ಅವನ ಕಿವಿ ಹಿಂಡಿ ಸ್ವರ ಕಲಿಸಿದ್ದ.

"ಇನ್ನೊಂದು ಸಲ ಅಲ್ಲಿ ಹಾಡಿಸಿಬಿಡು ಓರಿಸ್ಯಾ," ಎಂದು ಅವನು ಸುಗ್ಗಿಯ ಕಾಲದಲ್ಲೇ ಕೇಳಿದ್ದ. "ಆಮೇಲೆ ನಿನ್ನ ಹತ್ರ ಏನೂ ಕೇಳಲ್ಲ."

"ನಕ್ಷತ್ರ ಬರೋ ಮುಂಚೆ ನಿಮ್ಮನ್ನ ಬಾಗಿಲಲ್ಲಿ ಇಳಿಸ್ತೀನಿ ಮಾಮ. ಮಾತು ಕೊಟ್ಟೆ," ಎಂದಿದ್ದಳು ಓರಿಸ್ಯಾ. ರಕ್ತಸಂಬಂಧವಿಲ್ಲದಿದ್ದರೂ ಆ ಕಡೆಯವರೆಲ್ಲ ಅವನನ್ನು ಮಾಮ ಎಂದೇ ಕರೆಯುತ್ತಿದ್ದರು.

ಆ ದಿನ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿತ್ತು. ಗಾಳಿಯೂ ಎದ್ದಿತ್ತು. ಓರಿಸ್ಯಾ ಬೆಳಕು ಹರಿಯುವ ಮೊದಲೇ ಟ್ರೇಲರಿನ ಹೀಟರ್ ಹಚ್ಚಿ, ಕೆಂಪು ಪಟ್ಟಿಯನ್ನು ಸ್ಟೀರಿಂಗಿಗೆ ಕಟ್ಟಿ, ಹನ್ನೆರಡು ಪಾತ್ರೆಗಳನ್ನು ಒಂದೊಂದಾಗಿ ಒಳಗೆ ಹೊತ್ತಳು. ಬೇಯಿಸಿದ ಗೋಧಿಗೆ ಜೇನು, ಗಸಗಸೆ ಬೆರೆಸಿದ ಕುತ್ಯಾ. ಆಲೂಗಡ್ಡೆ ತುಂಬಿದ ಕಡುಬು. ಎಲೆಕೋಸಿನ ಸುರುಳಿ. ಮೀನು. ಬಟಾಣಿ. ಕ್ರಿಸ್ತ ಹುಟ್ಟಿದ ಕೊಟ್ಟಿಗೆಯ ನೆನಪಿಗೆ ಒಣಹುಲ್ಲು ಹರಡುವುದು ಆ ಸಂಜೆಯ ಪದ್ಧತಿ. ಅಲ್ಲಿ ಹೋಗಿ ಹರಡುವಷ್ಟು ಸಮಯ ಇರುವುದಿಲ್ಲವೆಂದು ಟ್ರೇಲರಿನ ನೆಲಕ್ಕೆ ಇಲ್ಲೇ ಹರಡಿಬಿಟ್ಟಳು. ಮನೆಯಿಂದ ಹೊರಡುವಾಗ ಗ್ಯಾಸ್ ಮುಚ್ಚಿದಳು, ಪಟ್ಟಿಯನ್ನು ಸಿಲಿಂಡರಿಗೆ ಕಟ್ಟಿದಳು. ಮೆತ್ರೊನ ಹೊಲದ ಮನೆಗೆ ಬಂದಾಗ ಒಳಗೆ ನಲ್ಲಿಯ ಬಾಯಲ್ಲಿ ಆಗಲೇ ಮಂಜಿನ ಮುಳ್ಳು ಕಟ್ಟಿತ್ತು. ಅವನು ತಯಾರಾಗುವಷ್ಟರಲ್ಲಿ ಒಳಗೆ ಬೆಚ್ಚಗಾಗಲಿ ಎಂದು ಮತ್ತೆ ಗ್ಯಾಸ್ ತೆರೆದು ಹೀಟರ್ ಹಚ್ಚಿ, ಪಟ್ಟಿಯನ್ನು ತಂದು ಸ್ಟೀರಿಂಗಿಗೆ ಕಟ್ಟಿದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಹಾರ್ನ್ ಕೇಳಿ ಮೆತ್ರೊ ಕೋಲೂರಿಕೊಂಡು ಬಾಗಿಲಿಗೆ ಬಂದ.

"ಯಾಕೆ ಹಾಗೆ ಹೊಡ್ಕೋತೀಯ? ನಕ್ಷತ್ರ ಏನು ನಿನಗೆ ಹೆದರಿ ಬೇಗ ಹುಟ್ಟುತ್ತಾ?"

"ಹುಟ್ಟೋದು ಅದರ ಕೆಲಸ. ಮುಟ್ಟಿಸೋದು ನನ್ನ ಕೆಲಸ. ಬೂಟು ಹಾಕಿ ಮಾಮ."

"ಬೂಟು ಇರಲಿ, ಇದನ್ನ ನೋಡು ಮೊದಲು." ಅವನ ತೋಳಿನಲ್ಲಿ ಗೋಧಿಯ ಸಿವುಡು ಇತ್ತು, ಎಳೆಮಗುವನ್ನು ಎತ್ತಿಕೊಂಡ ಹಾಗೆ. ಸುಗ್ಗಿಯ ಕೊನೆಯ ತೆನೆಗಳಿಂದ ಕಟ್ಟಿದ ಆ ಸಿವುಡನ್ನು ಪವಿತ್ರ ಸಂಜೆ ಮೂಲೆಯಲ್ಲಿಡುತ್ತಾರೆ. ತೀರಿಹೋದ ಹಿರಿಯರು ಆ ರಾತ್ರಿ ಅದರಲ್ಲಿ ಬಂದು ಕೂರುತ್ತಾರೆಂದು ನಂಬಿಕೆ. "ಕಟ್ಟಿದ್ದ ಪಟ್ಟಿನ ಇಲಿ ತಿಂದುಬಿಟ್ಟಿದೆ. ಬಿಚ್ಚಿಹೋಗ್ತಿದೆ."

"ಹಗ್ಗ ಇದೆ, ಕಟ್ತೀನಿ."

"ಆ ಹಳದಿ ಪ್ಲಾಸ್ಟಿಕ್ ಹಗ್ಗನಾ? ಅದರಲ್ಲಿ ನಮ್ಮಪ್ಪ ಬಂದು ಕೂರ್ತಾನಾ? ನೇಯ್ದಿದ್ದು ಬೇಕು. ಕೆಂಪಿರಬೇಕು."

"ನಿಮ್ಮಪ್ಪ ಎಂಬತ್ತು ವರ್ಷದ ಮಗನ ಹಟಾನೇ ಸಹಿಸ್ಕೊಂಡಿದ್ದಾನೆ, ಹಗ್ಗ ಸಹಿಸಲ್ವಾ?"

ಮುದುಕ ಅಲುಗಲಿಲ್ಲ. ತೆನೆಗಳು ಒಂದೊಂದೇ ಹಿಮದ ಮೇಲೆ ಉದುರುತ್ತಿದ್ದವು. ಸೂರ್ಯ ಆಗಲೇ ತಗ್ಗಿಗೆ ಬಂದಿದ್ದ. ಓರಿಸ್ಯಾ ಪಿಕಪ್ಪಿನ ಬಾಗಿಲು ತೆಗೆದು, ಸ್ಟೀರಿಂಗಿಗೆ ಕಟ್ಟಿದ್ದ ಕೆಂಪು ಪಟ್ಟಿಯನ್ನು ಸರಕ್ಕನೆ ಬಿಚ್ಚಿ ತಂದು ಸಿವುಡಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಈಗ ಹೋಗಿ ಗ್ಯಾಸ್ ಮುಚ್ಚಬೇಕು ಎಂದುಕೊಂಡಳು.

"ಹಾಂ," ಎಂದ ಮೆತ್ರೊ. "ಈಗ ಸಿವುಡಿನ ಹಾಗಿದೆ." ಆಮೇಲೆ ಪಿಕಪ್ಪಿನ ಎತ್ತರದ ಸೀಟನ್ನು ನೋಡಿ ಮುಖ ಕಿವುಚಿದ. "ನಾನು ಅದರಲ್ಲಿ ಕೂರಲ್ಲ. ಸೊಂಟ ಬಿದ್ದುಹೋಗುತ್ತೆ. ಹಿಂದೆ ಮಂಚ ಇದೆಯಲ್ಲ, ಅಲ್ಲಿ ಮಲಗ್ತೀನಿ."

"ಓಡೋ ಟ್ರೇಲರಲ್ಲಿ ಜನ ಇರೋ ಹಾಗಿಲ್ಲ ಮಾಮ. ಕಾನೂನು ಒಪ್ಪಲ್ಲ."

"ಕಾನೂನು ಬಂದು ನನ್ನ ಸೊಂಟ ಉಜ್ಜುತ್ತಾ?"

"ಪೆತ್ರೊ ಇದ್ದಿದ್ರೆ ನಿಮ್ಮನ್ನ ಕಾಲು ಹಿಡ್ಕೊಂಡು ಎಳೀತಿದ್ದ."

"ಪೆತ್ರೊ ಇದ್ದಿದ್ರೆ ನಾವಿನ್ನೂ ನಿಮ್ಮನೆ ಅಂಗಳದಲ್ಲೇ ಇರ್ತಿದ್ವಿ. ಇನ್ನೂ ಟೈರು ಎಣಿಸ್ತಿರ್ತಿದ್ದ. ನೋಡು ಮಗಳೇ, ಎರಡು ಗಂಟೆ ಆ ಸೀಟಲ್ಲಿ ಕುಲುಕಿಸಿದ್ರೆ ಅಲ್ಲಿ ನಿಂತು ಹಾಡೋಕಾಗಲ್ಲ. ಕೂತು ಹಾಡಿದ್ರೆ ಅದು ಹಾಡಾ?"

ಅವನು ಹೇಳಿದ್ದು ನಿಜವೂ ಆಗಿತ್ತು. ವಾದ ಮಾಡುತ್ತ ನಿಂತರೆ ಬೆಳಕು ಹೋಗುತ್ತಿತ್ತು. ಓರಿಸ್ಯಾಳ ಕಾಲುಗಳು ಬೂಟಿನೊಳಗೇ ಕುಣಿಯುತ್ತಿದ್ದವು. ಬೆಂಕಿ ಹೇಗೂ ಇರುವುದಿಲ್ಲ, ರಜಾಯಿ ಇದೆ, ಇವತ್ತು ಒಂದು ದಿನ ಎಂದುಕೊಂಡು ಅವನನ್ನು ತೋಳು ಹಿಡಿದು ಟ್ರೇಲರಿಗೆ ಹತ್ತಿಸಿದಳು. ಒಳಗೆ ಹಿತವಾದ ಬಿಸಿಯಿತ್ತು. ಬಿಸಿ ಸಾಕಾದಾಗ ತಾನೇ ನಿಂತು, ತಣ್ಣಗಾದಾಗ ತಾನೇ ಹೊತ್ತಿಕೊಳ್ಳುವ ಹೀಟರ್ ಆ ಗಳಿಗೆಗೆ ಸದ್ದಿಲ್ಲದೆ ಕೂತಿತ್ತು. ಈ ಬಿಸಿ ತಲುಪುವವರೆಗೆ ಸಾಕು ಎಂದು ಅವಳ ಮನಸ್ಸು ಲೆಕ್ಕ ಹಾಕಿತು. ಮುಚ್ಚಬೇಕಾದ ಗ್ಯಾಸನ್ನು ಮುಚ್ಚಿಯಾಯಿತೆಂದೇ ಆ ಲೆಕ್ಕ. ಮುದುಕನಿಗೆ ರಜಾಯಿ ಹೊದಿಸಿ, ಸಿವುಡನ್ನು ಮೂಲೆಯಲ್ಲಿ ನಿಲ್ಲಿಸಿ, ಬಾಗಿಲು ಹಾಕಿ ಓಡಿದಳು. ಡ್ರೈವರ್ ಸೀಟಿಗೆ ಹತ್ತಿ ಶಿಲುಬೆಯ ಗುರುತು ಮಾಡಿಕೊಂಡು ಸ್ಟೀರಿಂಗಿಗೆ ಕೈ ಇಟ್ಟಳು. ಬರಿ ಸ್ಟೀರಿಂಗು. ಹೊರಟಳು.

ಒಳಗೆ ಮೆತ್ರೊ ಕಿವಿಯ ಮಿಷನ್ನುಗಳನ್ನು ತೆಗೆದು ಗಾಜಿನ ಲೋಟದಲ್ಲಿಟ್ಟ. ಟ್ರೇಲರಿನ ಕಿಟಕಿಗಳು ದಡಬಡ ಅನ್ನುತ್ತಿದ್ದವು, ಅದನ್ನು ಕೇಳಿಸಿಕೊಳ್ಳುವ ಆಸೆ ಅವನಿಗಿರಲಿಲ್ಲ. ಮಂಚದ ಕೆಳಗಿನಿಂದ ಸಣ್ಣಗೆ ಗಾಳಿ ಬಂದು ಪಾದಕ್ಕೆ ತಾಗಿತು. ಗೋಡೆಯ ಬುಡದಲ್ಲಿ ಜಾಲರಿ ಹಾಕಿದ ಕಿಂಡಿಯೊಂದು ಇತ್ತು, ಒಳಗಿನ ಗಾಳಿ ಕೆಡದಿರಲೆಂದು ಬಿಟ್ಟದ್ದು. ಜೀವಮಾನವಿಡೀ ದನ ಸಾಕಿದವನಿಗೆ ಚಳಿಗಾಲದ ಕಿಂಡಿ ಕಂಡರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಬಗ್ಗಿ, ನೆಲದ ಮೇಲಿನ ಹಬ್ಬದ ಹುಲ್ಲನ್ನೇ ಹಿಡಿಹಿಡಿಯಾಗಿ ತೆಗೆದು ಕಿಂಡಿಗೆ ಒತ್ತಿ ತುರುಕಿದ. ಕೊಟ್ಟಿಗೆ ಬೆಚ್ಚಗಾಯಿತು. ಹಾಡಬೇಕಾದ ಸಾಲನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ಕಣ್ಣು ಮುಚ್ಚಿದ.

ಹೆದ್ದಾರಿಯಲ್ಲಿ ಹಿಮ ಹಾವಿನ ಹಾಗೆ ಅಡ್ಡಡ್ಡ ಹರಿದಾಡುತ್ತಿತ್ತು. ಎದುರಿನಿಂದ ದೊಡ್ಡ ಲಾರಿಗಳು ಬಂದಾಗಲೆಲ್ಲ ಹಿಮದ ಗೋಡೆಯೇ ಎದ್ದು ಟ್ರೇಲರಿನ ಪಕ್ಕೆಗೆ ಬಡಿಯುತ್ತಿತ್ತು. ಓರಿಸ್ಯಾ ಸೂರ್ಯನನ್ನು ನೋಡಿದಳು, ಗಡಿಯಾರವನ್ನು ನೋಡಿದಳು, ಮತ್ತೆ ಸೂರ್ಯನನ್ನು ನೋಡಿದಳು. ಕುತ್ಯಾದ ಮುಚ್ಚಳ ಸಡಿಲವಾಗಿತ್ತಲ್ಲ. ಮೇಣದ ಬತ್ತಿ ತಂದೆನೋ ಇಲ್ಲವೋ. ಚರ್ಚಿನ ಬೀಗದ ಕೈ ಜೆಲೆನಾದ ಮರಿಕಾಳ ಹತ್ತಿರ ಇದೆ, ಅವಳು ತಡ ಮಾಡದಿದ್ದರೆ ಸಾಕು. ಏನೋ ಒಂದು ಬೆರಳ ತುದಿಯಲ್ಲಿ ಕಾಡುತ್ತಿತ್ತು. ಸ್ಟೀರಿಂಗನ್ನು ಬರಿಗೈಯಿಂದ ಸವರುತ್ತಲೇ ಇದ್ದಳು. ಏನು ಮರೆತೆ ಎಂದು ಹುಡುಕಿದಳು. ಪೆಟ್ರೋಲು. ಬೆಳಿಗ್ಗೆ ಹಾಕಿಸಬೇಕಿತ್ತು, ಅವಸರದಲ್ಲಿ ಬಿಟ್ಟಿದ್ದಳು. ಮುಳ್ಳು ತಳ ಮುಟ್ಟಿತ್ತು. ಅದೇ ಇರಬೇಕು ಕಾಡುತ್ತಿದ್ದುದು ಎಂದುಕೊಂಡು, ಜೆಲೆನಾದ ತಿರುವಿಗೆ ಮುಂಚೆ ಸಿಗುವ ಪೇಟೆಯ ಬಂಕಿಗೆ ಗಾಡಿ ತಿರುಗಿಸಿದಳು. ನಿಲ್ಲಿಸಿದ್ದೇ ತಡ ಕೆಳಗೆ ಹಾರಿ ಪಂಪಿನ ಕಡೆ ಕೈ ಚಾಚಿದಳು.

"ಅಕ್ಕಾ, ಮುಟ್ಟಬೇಡಿ. ಅದನ್ನ ಬಿಡಿ."

ಬಂಕಿನ ಲಿಗಾಯಾ ಕೋಟಿನ ಗುಂಡಿ ಹಾಕದೆಯೇ ಹೊರಗೆ ಬಂದಿದ್ದಳು. ಫಿಲಿಪೀನ್ಸಿನಿಂದ ಬಂದು ಆ ಪೇಟೆಯಲ್ಲಿ ನೆಲೆಸಿದವಳು. ಓರಿಸ್ಯಾ ವಾರಕ್ಕೊಮ್ಮೆಯಾದರೂ ಅಲ್ಲಿ ನಿಲ್ಲುವವಳಾದ್ದರಿಂದ ಇಬ್ಬರಿಗೂ ಸಲಿಗೆ.

"ಕಾರ್ಡು ಇದೆ ಲಿಗಾಯಾ, ನಾನೇ ಹಾಕ್ಕೋತೀನಿ. ನಕ್ಷತ್ರ ಬರೋ ಹೊತ್ತಾಯ್ತು."

"ಟ್ರೇಲರಲ್ಲಿ ಏನೋ ಕಿರುಚ್ತಿದೆ. ಕೇಳಿಸ್ತಿಲ್ವಾ?"

ಗಾಳಿಯಲ್ಲಿ ಓರಿಸ್ಯಾಳಿಗೆ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು. ಸಣ್ಣ ಹಕ್ಕಿಯ ಕತ್ತು ಹಿಸುಕಿದ ಹಾಗೆ, ಬಿಟ್ಟು ಬಿಟ್ಟು ಒಂದೇ ಸಮನೆ. ಅದರ ಕೆಳಗೆ ಇನ್ನೊಂದು ಸದ್ದು, ಹೀಟರಿನ ಗುಂಯ್‌ಗುಟ್ಟುವಿಕೆ.

"ಗ್ಯಾಸ್ ಮುಚ್ಚಿದೆ," ಎಂದಳು. ಹೇಳುತ್ತಲೇ ಅವಳ ಕಣ್ಣು ಸಿಲಿಂಡರಿನ ಕುತ್ತಿಗೆಗೆ ಹೋಯಿತು. ಅಲ್ಲಿ ಪಟ್ಟಿ ಇರಲಿಲ್ಲ. ಪಟ್ಟಿ ಎಲ್ಲಿದೆಯೆಂದು ಆಗ ನೆನಪಾಯಿತು.

ಸಿಲಿಂಡರಿನ ತಿರುಪು ಚಳಿಗೆ ಬಿಗಿದುಕೊಂಡಿತ್ತು. ಕೈಗವಸಿಗೆ ತಡಕಾಡದೆ ಬರಿಗೈಯಿಂದಲೇ ತಿರುಪಿದಳು. ಕಬ್ಬಿಣಕ್ಕೆ ಚರ್ಮ ಅಂಟಿ ಕಿತ್ತುಬಂತು. ಎರಡನ್ನೂ ಮುಚ್ಚಿದಳು. ಪಕ್ಕೆಯಲ್ಲಿ ಹೀಟರಿನ ಹೊಗೆ ಕೊಳವೆಯಿರುವ ಜಾಗ ಕಾಣಲೇ ಇಲ್ಲ. ಲಾರಿಗಳು ಎರಚಿದ ಹಿಮ ಅಲ್ಲಿ ಗಟ್ಟಿಯಾಗಿ ಮೆತ್ತಿ, ಕರಗಿ, ಮತ್ತೆ ಮೆತ್ತಿ ಮಂಜಿನ ಹಲಗೆಯಾಗಿತ್ತು. ಹೊರಗೆ ಹೋಗಬೇಕಾದ ಹೊಗೆ ಒಳಗೇ ತಿರುಗಿತ್ತು. ಆ ಹೊಗೆಯ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಬಾಗಿಲು ತೆಗೆದಾಗ ಬಿಸಿ ಮುಖಕ್ಕೆ ಹೊಡೆಯಿತು. ಪೆತ್ರೊ ಮಂಚದ ಮೇಲ್ಗಡೆ ಮೊಳೆ ಹೊಡೆದಿದ್ದ ವಿಷಗಾಳಿಯ ಅಲಾರಂ ಕೆಂಪು ಕಣ್ಣು ಮಿಟುಕಿಸುತ್ತ ಕಿರುಚುತ್ತಿತ್ತು. ಅದರ ಕೆಳಗೆ ಮೆತ್ರೊ ಮಲಗಿದ್ದ. ಕೆನ್ನೆ ಹಬ್ಬಕ್ಕೆ ಬಣ್ಣ ಹಚ್ಚಿದ ಹಾಗೆ ಕೆಂಪು. ಲೋಟದಲ್ಲಿ ಅವನ ಎರಡು ಕಿವಿಗಳು.

"ಮಾಮ. ಮಾಮ, ಏಳಿ."

"ಉಸಿರು ಹಿಡ್ಕೊಳಿ ಅಕ್ಕಾ. ಒಳಗೆ ನಿಂತು ಕರೀಬೇಡಿ, ಎಳೀರಿ," ಎಂದಳು ಲಿಗಾಯಾ. ಇಬ್ಬರೂ ರಜಾಯಿಯ ಎರಡು ತುದಿ ಹಿಡಿದು ಮುದುಕನನ್ನು ಮೆಟ್ಟಿಲಿನಿಂದ ಜಾರಿಸಿ, ಹಿಮದ ಮೇಲೆ ಬಂಡಿಯ ಹಾಗೆ ಎಳೆದುಕೊಂಡು ಟ್ರೇಲರಿನಿಂದ ದೂರ ತಂದರು. ಲಿಗಾಯಾ ಒಂದು ಕೈಯಲ್ಲಿ ಅವನ ತಲೆ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನ್ ಮಾಡಿದಳು. ಆಸ್ಪತ್ರೆ ಅದೇ ಪೇಟೆಯಲ್ಲಿತ್ತು, ಹೊಲಗಳ ನಡುವೆ ಇದು ಆಗಿದ್ದರೆ ಏನಾಗುತ್ತಿತ್ತೆಂದು ಓರಿಸ್ಯಾ ಯೋಚಿಸಲಿಲ್ಲ. ಹಿಮದಲ್ಲಿ ಮಂಡಿಯೂರಿ ಅವಳಿಗೆ ಬರುವ ಒಂದೇ ಸಣ್ಣ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳಿದಳು. ಜೀವನದಲ್ಲಿ ಮೊದಲ ಸಲ ನಡೆಯದೆ ಹೇಳಿದ ಪ್ರಾರ್ಥನೆ ಇರಬೇಕು ಅದು.

ಮೆತ್ರೊನ ತುಟಿ ಅಲುಗಿತು. ಇಬ್ಬರೂ ಬಗ್ಗಿದರು.

"ಇಳೀತಿದೆ," ಎಂದ ಕಣ್ಣು ತೆರೆಯದೆ. "ಸ್ವರ ಇಳೀತಿದೆ. ಎತ್ತಿ."

ಆಂಬುಲೆನ್ಸ್ ಬಂತು. ಮುಖಕ್ಕೆ ಆಮ್ಲಜನಕದ ಬಟ್ಟಲು ಕಟ್ಟಿ ಅವನನ್ನು ಒಳಗೆ ಹಾಕಿಕೊಂಡರು. ಓರಿಸ್ಯಾ ಹತ್ತುವಾಗ ಲಿಗಾಯಾ ಲೋಟವನ್ನು ಅವಳ ಕೈಗಿಟ್ಟಳು.

"ಕಿವಿ ಮರೀಬೇಡಿ. ಏನು ಇವತ್ತು ನಿಮ್ಮದು?"

"ಕ್ರಿಸ್‌ಮಸ್."

"ಎಲ್ಲಾದಕ್ಕೂ ಎದ್ದುಬಿದ್ದು ಓಡ್ತೀರ, ಕ್ರಿಸ್‌ಮಸ್ ಮಾತ್ರ ಎರಡು ವಾರ ತಡ," ಎಂದಳು ಲಿಗಾಯಾ. ಆಗಷ್ಟೇ ಕೋಟಿನ ಗುಂಡಿ ಹಾಕಿಕೊಂಡಳು. "ಹೋಗಿ ಅಕ್ಕಾ. ಪಾತ್ರೆಗಳನ್ನ ನಾನು ಒಳಗಿಟ್ಕೋತೀನಿ. ಆದರೆ ಹೀಟರ್ ಇಲ್ಲ, ನಿಮ್ಮ ಪೈಪಲ್ಲಿ ನೀರಿದೆಯಲ್ಲ. ಹೆಪ್ಪುಗಟ್ಟಿ ಒಡೆದುಹೋಗುತ್ತೆ. ಬೇಗ ಬಂದು ಖಾಲಿ ಮಾಡ್ಕೊಳಿ, ನನಗೆ ಅದೆಲ್ಲ ಗೊತ್ತಾಗಲ್ಲ."

ಡಾಕ್ಟರು ಮುದುಕನ ರಕ್ತ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಉಳಿದುಕೊಳ್ಳುತ್ತಾರೆ, ಆದರೆ ಬೆಳಗಾಗುವವರೆಗೆ ಆ ಬಟ್ಟಲು ಮುಖದಿಂದ ತೆಗೆಯುವಂತಿಲ್ಲ, ಮಂಚದಿಂದ ಇಳಿಯುವಂತಿಲ್ಲ ಎಂದರು. ಇನ್ನು ಸ್ವಲ್ಪ ದೂರ ಓಡಿಸಿದ್ದರೆ ಎಂದು ಶುರುಮಾಡಿದವರು ಓರಿಸ್ಯಾಳ ಮುಖ ನೋಡಿ ಅಲ್ಲಿಗೇ ಬಿಟ್ಟರು. ನರ್ಸು ಬಂದು ಅವಳ ಅಂಗೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು.

ಮೆತ್ರೊ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ನಕ್ಷತ್ರ ಬಂತಾ?"

ಓರಿಸ್ಯಾ ಅವನ ಕಿವಿಗೆ ಮಿಷನ್ನು ಸಿಕ್ಕಿಸಿದಳು. "ಮಾಮ, ನೀವು ಆಸ್ಪತ್ರೇಲಿದ್ದೀರ. ಗ್ಯಾಸ್ ಮುಚ್ಚದೆ ಓಡಿಸಿದೆ. ಪಟ್ಟಿ ಬಿಚ್ಚಿದವಳು ನಾನು. ನಿಮ್ಮನ್ನ ಅಲ್ಲಿ ಮಲಗಿಸಿದವಳೂ ನಾನೇ."

ಬಟ್ಟಲೊಳಗೆ ಉಸಿರು ಮಬ್ಬಾಗಿ ಕಟ್ಟುತ್ತ ಕರಗುತ್ತ ಇತ್ತು.

"ಕಿಂಡಿಗೆ ಹುಲ್ಲು ತುರುಕಿದವನು ನಾನು," ಎಂದ ಮೆತ್ರೊ. "ಕಾಲಿಗೆ ಗಾಳಿ ಬರ್ತಿತ್ತು." ಆಮೇಲೆ, "ಜೆಲೆನಾಕ್ಕೆ ಹೋಗೋದು ಆಗಲ್ವಾ?"

"ಆಗಲ್ಲ ಮಾಮ."

ಅವನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಳ್ಳಲು ಕೈಯೆತ್ತಲಿಲ್ಲ. ಓರಿಸ್ಯಾಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಾರಿಡಾರಿಗೆ ಬಂದು ಈ ತುದಿಯಿಂದ ಆ ತುದಿಗೆ ನಡೆದಳು. ಟ್ರೇಲರಿನ ನೀರು ಖಾಲಿ ಮಾಡಬೇಕು, ನಡೆದೇ ಹೋಗಿಬರಬಹುದು. ಗಾಡಿಗೆ ಪೆಟ್ರೋಲ್ ಹಾಕಬೇಕು. ಊಟವನ್ನಾದರೂ ಜೆಲೆನಾಕ್ಕೆ ಮುಟ್ಟಿಸಿ ಬರಬಹುದೇನೋ. ಏನಾದರೂ ಮಾಡಬೇಕು. ಕೋಟು ಹಾಕಿಕೊಂಡಳು. ಆಗ ಜೇಬಿನಲ್ಲಿ ಫೋನು ಒಂದು ಸಲ ನಡುಗಿ ನಿಂತಿತು. ಸಿಗ್ನಲ್ಲು ಹುಡುಕುತ್ತ ಮತ್ತೆ ಮೆತ್ರೊನ ಕೋಣೆಗೇ ಬಂದಳು. ಅವನ ಮಂಚದ ಪಕ್ಕ, ಕಿಟಕಿಯ ಮೂಲೆಯಲ್ಲಿ, ಫೋನನ್ನು ಭುಜದೆತ್ತರಕ್ಕೆ ಹಿಡಿದರೆ ಮಾತ್ರ ಎರಡು ಗೆರೆ ಮೂಡಿದವು. ಕರೆ ಮತ್ತೆ ಬಂತು, ಚರ್ಚಿನ ಬೀಗದ ಕೈಯಿರುವ ಮರಿಕಾಳದು.

"ಎಲ್ಲಿ ಸತ್ತಿದ್ದೀಯೇ ಓರಿಸ್ಯಾ? ಇಲ್ಲಿ ಹನ್ನೊಂದು ಜನ ಕಾರುಗಳಲ್ಲಿ ಕೂತ್ಕೊಂಡು ಒಬ್ಬರ ಮುಖ ಒಬ್ಬರು ನೋಡ್ತಿದ್ದೀವಿ."

ಓರಿಸ್ಯಾ ಹೇಳಿದಳು. ಯಾವುದನ್ನೂ ಬಿಡದೆ ಹೇಳಿದಳು.

"ಮೆತ್ರೊ ಬದುಕಿದ್ದಾನಾ?"

"ಬದುಕಿದ್ದಾರೆ."

"ಬೈತಿದ್ದಾನಾ?"

"ಇಲ್ಲ."

"ಅಯ್ಯೋ ದೇವರೇ," ಎಂದಳು ಮರಿಕಾ. ಆಗಲೇ ಅವಳಿಗೆ ಭಯವಾದದ್ದು.

"ಮರಿಕಾ, ಕಾರುಗಳ ಹೊಗೆ ಕೊಳವೆ ಹತ್ರ ಹಿಮ ತೆಗೆಸು. ಈಗಲೇ. ಕಿಟಕಿ ಒಂದಿಷ್ಟು ಇಳಿಸ್ಕೊಳಿ."

"ತೆಗೆಸ್ತೀನಿ. ನೀನೊಂದು ಕೆಲಸ ಮಾಡು. ಮೋಡ ಸರಿದಿದೆ, ನಕ್ಷತ್ರ ಕಾಣಿಸ್ತಿದೆ ಇಲ್ಲಿ. ನಾವು ಒಳಗೆ ಹೋಗಿ ಹಾಡ್ತೀವಿ, ಬಂದ ಹಾಗೆ. ಫೋನನ್ನ ಆ ಮುದುಕನ ಕಿವಿ ಹತ್ರ ಹಿಡಿ. ಇಡಬೇಡ."

ಓರಿಸ್ಯಾ ಫೋನಿನ ಸ್ಪೀಕರ್ ಹಾಕಿ ಅದನ್ನು ಅದೇ ಎತ್ತರದಲ್ಲಿ ಹಿಡಿದಳು. ಮೊದಲು ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಜೆಲೆನಾದ ಬಾಗಿಲು, ಆ ಸದ್ದಿಗೇ ಮೆತ್ರೊನ ಕಣ್ಣು ತಿರುಗಿತು. ಬೂಟುಗಳ ತಪತಪ. ಯಾರೋ ಕೆಮ್ಮಿದರು. ಆಮೇಲೆ ಹಾಡು. ಎತ್ತಿಕೊಡುವವನಿಲ್ಲದ ಹಾಡು ಹೇಗಿರುತ್ತದೆಯೋ ಹಾಗೇ ಇತ್ತು. ಒಬ್ಬಳು ಮೇಲೆ, ಇಬ್ಬರು ಕೆಳಗೆ, ಉಳಿ‍ದವರು ಅವರನ್ನು ಹುಡುಕುತ್ತ ಹಿಂದೆ.

ಮೆತ್ರೊ ಮುಖ ಕಿವುಚಿದ. "ಏನಿದು ಎಳೀತಾರೆ. ಹಸು ಎಳೆದ ಹಾಗೆ ಎಳೀತಾರೆ. ಮರಿಕಾಗೆ ಹೇಳು, ಅವಳು ಬಾಯಿ ಮುಚ್ಚಲಿ, ಅವಳ ತಂಗಿ ಎತ್ತಲಿ."

"ನೀವೇ ಹೇಳಿ ಮಾಮ. ಕೇಳಿಸುತ್ತೆ ಅವರಿಗೆ."

ಅವನು ನರ್ಸು ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಟ್ಟಲನ್ನು ಗಲ್ಲಕ್ಕೆ ಸರಿಸಿದ. ಒಂದು ಸಾಲು, ಒಂದೇ ಸಾಲು, ಹಾಡಿದ. ದನಿ ಬಿರುಕು ಬಿಟ್ಟಿತ್ತು, ಸ್ವರ ಮಾತ್ರ ಇರಬೇಕಾದಲ್ಲೇ ಇತ್ತು. ಆ ಕಡೆ ಹಾಡು ನಿಂತಿತು. ಒಂದು ಕ್ಷಣದ ಮೇಲೆ ಅವನು ಬಿಟ್ಟ ಜಾಗದಿಂದ ಹನ್ನೊಂದು ದನಿಗಳು ಒಟ್ಟಿಗೆ ಹಿಡಿದುಕೊಂಡವು. ಓರಿಸ್ಯಾ ಬಟ್ಟಲನ್ನು ಮತ್ತೆ ಅವನ ಮುಖಕ್ಕೆ ಸರಿಸಿದಳು. ಅವನ ಬೆರಳು ಮಂಚದ ಕಂಬಿಯ ಮೇಲೆ ತಾಳ ಹಾಕತೊಡಗಿತು.

ಅಷ್ಟರಲ್ಲಿ ಬಾಗಿಲಲ್ಲಿ ನರ್ಸು ಕಾಣಿಸಿಕೊಂಡಳು. "ಅಮ್ಮಾ, ಬಂಕಿನಿಂದ ಫೋನ್ ಬಂದಿತ್ತು. ನಿಮ್ಮ ಟ್ರೇಲರಲ್ಲಿ ಏನೋ ಟಪಟಪ ಅಂತಿದೆಯಂತೆ. ಪೈಪು ಒಡೀತಿರಬೇಕು, ಬೇಗ ಬನ್ನಿ ಅಂದ್ರು."

ಓರಿಸ್ಯಾ ತಲೆಯಾಡಿಸಿದಳು. ಬಟ್ಟೆ ಸುತ್ತಿದ ಕೈ ಭುಜದೆತ್ತರದಲ್ಲಿ ನೋಯುತ್ತಿತ್ತು. ಕೋಟು ಮೈಮೇಲೇ ಇತ್ತು, ಬೂಟು ಕಾಲಲ್ಲೇ ಇತ್ತು. ಒಂದು ಹೆಜ್ಜೆ ಆಚೀಚೆ ಇಟ್ಟರೆ ಆ ಎರಡು ಗೆರೆ ಹೋಗಿಬಿಡುತ್ತವೆ.

"ಒಡೀಲಿ ಬಿಡಿ," ಎಂದಳು ಪಿಸುದನಿಯಲ್ಲಿ. ಕಿಟಕಿಯ ಮೂಲೆಯಲ್ಲಿ ಹಾಗೇ ನಿಂತಿದ್ದಳು. ಫೋನಿನಲ್ಲಿ ಜೆಲೆನಾ ಎರಡನೆಯ ಹಾಡು ಎತ್ತಿಕೊಳ್ಳುತ್ತಿತ್ತು.